ಅತ್ತಿಗೆಗೆ ಒಪ್ಪಿಸಿದ ಪಾಠ

ನನ್ನ ಮೊಮ್ಮಗಳು ಆದ್ಯಳ ಬಾಯಲ್ಲಿ ತಾತನಾದ ನಾನು, ಅವಳ ಕಾಪಿಪುಸ್ತಕದಲ್ಲಿ ‘ಅಜ’ನಾಗಿದ್ದೇನೆ. ಒಂದನೇ ತರಗತಿಯ ಈ ವಿದುಷಿಗೆ ಒತ್ತಕ್ಷರವೆಂದರೆ ಊಟದ ತಟ್ಟೆಯ ಅಂಚಿನ ಉಪ್ಪಿನಕಾಯಿಯಂತೆ, ಬೇಕಾದರೆ ಉಂಟು, ಬೇಡವಾದರೆ ಇಲ್ಲ. ಅಮ್ಮ ‘ಅಮ’ಳಾದಳು, ಅಕ್ಕ ‘ಅಕ’ಳಾದಳು, ಅಜ್ಜನಿಂದ ಒತ್ತು ಕಳಚಿ ಅಜ ಉಳಿದ. ಅಜ ಎಂಬುದಕ್ಕೆ ನಿಘಂಟಿನಲ್ಲಿ ಬ್ರಹ್ಮ ಎಂಬ ಅರ್ಥವೂ ಇದೆ, ಆಡು ಎಂಬ ಅರ್ಥವೂ ಇದೆ; ಮೂವತ್ತು ವರ್ಷ ಕನ್ನಡ ಅಧ್ಯಾಪಕನಾಗಿ ನಿವೃತ್ತನಾದ ನಾನು ಮೊದಲನೆಯದನ್ನೇ ಆರಿಸಿಕೊಂಡು ಸಮಾಧಾನಪಟ್ಟೆ.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಸಂಜೆಯ ಓದು ಬರಹದ ಹೊಣೆ ನನ್ನ ಹೆಗಲಿಗೆ ಬಿದ್ದಿತ್ತು. ನಾನೋ ಉತ್ಸಾಹದ ಭರದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ವಿವರಣೆಗೆ ತೊಡಗಿ ಮಗುವಿನ ಪ್ರಾಣವನ್ನೇ ಹಿಂಡಿದೆ. ನಾಲ್ಕನೆಯ ದಿನ ಅವಳು, “ತಾತ, ನೀವು ಬೇಡ. ನಾನು ದೊಡ್ಡಜ್ಜಿ ಹತ್ರ ಓದ್ಕೋತೀನಿ” ಎಂದು ನನ್ನನ್ನು ಕೆಲಸದಿಂದ ವಜಾ ಮಾಡಿದಳು.

ದೊಡ್ಡಜ್ಜಿ ಎಂದರೆ ನನ್ನ ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಆರು ವರ್ಷದವನಿದ್ದಾಗ ಅಮ್ಮ ಹೋದಳು. ಅದೇ ವರ್ಷ ಆಂಧ್ರದ ಗಡಿಯ ಹಳ್ಳಿಯಿಂದ ಮಂಡಿಕಲ್ಲಿನ ನಮ್ಮ ಮನೆಗೆ ಸೊಸೆಯಾಗಿ ಬಂದ, ಇನ್ನೂ ಹದಿನೇಳು ತುಂಬದ ಈ ಹೆಣ್ಣುಮಗಳೇ ನನಗೆ ತಾಯಿಯಾದಳು. ಪ್ರತಿ ಸಂಜೆ ಪಡಸಾಲೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು, ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟು, ಕೈಯಲ್ಲೊಂದು ಹೊಂಗೆಯ ಬರಲು, ಎಂದರೆ ಸಣ್ಣ ಕೋಲು, ಹಿಡಿದು, “ಚದುವು” ಎನ್ನುತ್ತಿದ್ದಳು. ಓದು ಎಂಬುದಕ್ಕೆ ಅವಳ ತವರಿನ ತೆಲುಗು ಮಾತು ಅದು. ನಾನು ತಲೆಕೆಳಗಾದ ಅಕ್ಷರಗಳನ್ನು ಇಣುಕುತ್ತ ಓದಬೇಕು. ತಪ್ಪಿದೆನೋ, ಬರಲು ನೆಲಕ್ಕೆ ತಟ್ಟುತ್ತಿತ್ತು: “ಇನ್ನೊಂದ್ಸಲ!” ಎಷ್ಟು ಸಣ್ಣ ತಪ್ಪೂ ಆ ಕಿವಿಯನ್ನು ದಾಟಿ ಹೋದದ್ದಿಲ್ಲ. ನನ್ನ ವ್ಯಾಕರಣಶುದ್ಧಿಯನ್ನು ಯಾರಾದರೂ ಮೆಚ್ಚಿದಾಗಲೆಲ್ಲ ನಾನು ಆ ಬರಲನ್ನೇ ನೆನೆಯುತ್ತಿದ್ದೆ.

ಹೀಗಾಗಿ ವಜಾಗೊಂಡ ದುಃಖದಲ್ಲೂ ನಿಶ್ಚಿಂತನಾಗಿ ಸಂಜೆ ಪತ್ರಿಕೆ ಹಿಡಿದು ಹಜಾರದಲ್ಲಿ ಕೂರತೊಡಗಿದೆ. ಮೂರನೆಯ ಸಂಜೆ ಒಳಕೋಣೆಯಿಂದ ಆದ್ಯಳ ಓದು ಕಿವಿಗೆ ಬಿತ್ತು: “ಕಮಲ ಬಿಸ್ಕತ್ತು ತಂದಳು.” ನನಗೆ ಬಾಯಿಪಾಠವಾಗಿದ್ದ ಆ ಪಾಠದಲ್ಲಿ ಕಮಲ ತಂದದ್ದು ಬುತ್ತಿ. ಬರಲಿನ ಸದ್ದಿಗಾಗಿ ಕಾದೆ. “ಸರಿ, ಮುಂದಕ್ಕೆ” ಎಂದರು ಅತ್ತಿಗೆ. “ಕಮಲ ಸ್ಕೂಟರ್ ಓಡಿಸಿದಳು.” “ಸರಿ ಕಣಮ್ಮ, ಮುಂದಕ್ಕೆ.”

ವಯಸ್ಸು ಕಣ್ಣನ್ನು ಮಂದ ಮಾಡಿರಬೇಕೆಂದು ಏಳುವಷ್ಟರಲ್ಲಿ ಆದ್ಯಳೇ ಓಡಿಬಂದು, ಬೀದಿಗೆಲ್ಲ ಕೇಳುವ ದನಿಯಲ್ಲಿ ಸಾರಿದಳು: “ತಾತ, ದೊಡ್ಡಜ್ಜಿಗೆ ಓದಕ್ಕೇ ಬರಲ್ಲ! ಮೂರು ದಿನದಿಂದ ನಾನು ಟೆಸ್ಟ್ ಮಾಡ್ತಿದೀನಿ!”

“ಬಾಯ್ಮುಚ್ಚೇ! ನನಗೆ ಓದು ಕಲಿಸಿದೋರೇ ಅವರು,” ಎಂದು ಗದರಿದೆ.

“ಮಗೂನ ಯಾಕಪ್ಪ ಬೈತೀಯ?” ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. “ನಿಜಾನೇ ಹೇಳ್ತು.”

ಪ್ರಿಯ ಓದುಗರೇ, ನಿಂತ ನೆಲ ಕುಸಿಯುವುದನ್ನು ನಾನು ಪ್ರಬಂಧಗಳಲ್ಲಿ ಹಲವು ಸಲ ಬರೆದಿದ್ದೆ, ಅನುಭವಿಸಿರಲಿಲ್ಲ. ಕುರ್ಚಿಯ ಹಿಡಿ ಸಿಕ್ಕಿದ್ದರಿಂದ ಬೀಳಲಿಲ್ಲ. ಐವತ್ತೈದು ವರ್ಷ! ಸಾವಿರಾರು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ದೀರ್ಘ ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಹಿಡಿದ ಈ ಪಂಡಿತನಿಗೆ ತನ್ನ ಅತ್ತಿಗೆಯ ಬಾಳಿನಲ್ಲಿ ಇಡೀ ವರ್ಣಮಾಲೆಯೇ ಬಿಟ್ಟುಹೋದದ್ದು ಕಂಡಿರಲಿಲ್ಲ.

“ಮತ್ತೆ ನನ್ನ ತಪ್ಪುಗಳನ್ನ ಹೆಂಗೆ ಹಿಡೀತಿದ್ರಿ?” ಎಂದೆ.

“ನೀನೇ ಹೇಳ್ತಿದ್ದೆಯಲ್ಲಪ್ಪ. ತಪ್ಪು ಓದೋವಾಗ ನಿನ್ನ ದನಿ ಇಳಿದುಹೋಗ್ತಿತ್ತು, ಕಾಲ್ಬೆರಳು ಮಡಚ್ಕೋತಿದ್ದೆ. ಈ ಕಳ್ಳಿ ತಪ್ಪನ್ನೂ ಸರಿಯಾಗೇ ಓದ್ತಾಳೆ, ಅದಕ್ಕೇ ಸಿಕ್ಕಿಬಿದ್ದೆ.”

“ಹೇಳಬಾರದಿತ್ತೆ ಅತ್ತಿಗೆ?”

“ನಂಗೆ ಬರಲ್ಲ ಅಂತ ಗೊತ್ತಾಗಿದ್ರೆ ನೀನು ಕೂತ್ಕೊಂಡು ಓದ್ತಿದ್ಯಾ?”

ಆಗ ಇನ್ನೊಂದು ದಿಗಿಲು ಹುಟ್ಟಿತು. ಚಿಂತಾಮಣಿಯ ಹಾಸ್ಟೆಲಿನಿಂದ ನಾನು ಇವರಿಗೆ ಕಾಗದ ಬರೆಯುತ್ತಿದ್ದೆ. ಪಿಯುಸಿಯಲ್ಲಿ ಇಂಗ್ಲಿಷಿನಲ್ಲಿ ಫೇಲಾದಾಗ, ‘ದಯವಿಟ್ಟು ಅಣ್ಣನಿಗೆ ಹೇಳಬೇಡಿ’ ಎಂದು ಎರಡು ಸಲ ಅಡಿಗೆರೆ ಎಳೆದು ಬರೆದಿದ್ದೆ. “ಆ ಕಾಗದ ಯಾರು ಓದಿದ್ರು?”

ಅತ್ತಿಗೆ ಸೆರಗಿನಿಂದ ಬಾಯಿ ಒತ್ತಿಕೊಂಡರು. “ಹಿಟ್ಟಿನ ಗಿರಣಿಯೋರು. ರಾಗಿ ಬೀಸಕ್ಕೆ ಹೋಗಿದ್ದೆ, ಪೋಸ್ಟಿನೋರು ಅಲ್ಲೇ ಕೊಟ್ರು. ಗಿರಣಿ ಸದ್ದಲ್ಲಿ ಕೇಳ್ಬೇಕಲ್ಲ, ಜೋರಾಗೇ ಓದಿದ್ರು. ಮೂಟೆ ಎತ್ಕೊಂಡು ಹೋಗಕ್ಕೆ ನಿಮ್ಮಣ್ಣನೂ ಹಿಂದೇನೇ ನಿಂತಿದ್ರು.”

ಅಣ್ಣನಿಗೆ ಗೊತ್ತಿತ್ತು! ಆ ರಜೆಯಲ್ಲಿ ಅವನ ಮುಖ ತಪ್ಪಿಸಲು ನಾನು ಪಟ್ಟ ಪಾಡನ್ನು ನೋಡುತ್ತಲೇ, ಸಾಯುವವರೆಗೂ ಒಂದು ಮಾತು ಎತ್ತದೆ ಹೊರಟುಹೋಗಿದ್ದ. ಅತ್ತಿಗೆ ಕಾಫಿಗೆ ನೀರಿಡಲು ಹೋದರು.

ಮರುದಿನವೇ ನಾನು ಹೊಸ ಸ್ಲೇಟು ತಂದು, ಸ್ವರಗಳು ಹದಿಮೂರು ಎಂದು ಅತ್ತಿಗೆಗೆ ಪಾಠ ಪ್ರಾರಂಭಿಸಿದೆ. ಅವರೂ ಎರಡೇ ದಿನದಲ್ಲಿ ನನ್ನನ್ನು ವಜಾ ಮಾಡಿದರು. ಹುದ್ದೆ ಆದ್ಯಳಿಗೆ ಹೋಯಿತು. ಅವಳು ಸ್ವರ, ವ್ಯಂಜನಗಳ ಗೊಡವೆಗೇ ಹೋಗದೆ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದಳು. ಕೆಲವು ವಾರ ಕಳೆದ ಮೇಲೆ ಒಂದು ಡಬ್ಬಕ್ಕೆ ‘ಬೆಲ’ ಎಂದು ಬರೆದಿದ್ದಳು. ಅತ್ತಿಗೆ ಬೆರಳಿಟ್ಟು, “ಬೆ... ಲ... ಇದು ಬೆಲ್ಲ ಹೆಂಗಾಗತ್ತೆ ಕಣಮ್ಮ?” ಎಂದು ಕೇಳಿದರಂತೆ. ಮಗು ಬಹಳ ಹೊತ್ತು ಚೀಟಿಯನ್ನೇ ನೋಡಿ, ಲಕಾರದ ಕೆಳಗೆ ಒತ್ತು ಬರೆದು, ನನ್ನ ಹತ್ತಿರ ಬಂದು ಗಂಭೀರವಾಗಿ, “ತಾತ, ನಾನು ತಪ್ಪು ಬರೆದ್ರೆ ದೊಡ್ಡಜ್ಜಿ ತಪ್ಪೇ ಕಲಿತಾರೆ” ಎಂದಳು. ನನ್ನ ಮೂವತ್ತು ವರ್ಷದ ಬೋಧನಾನುಭವದಲ್ಲಿ ಯಾವ ವಿದ್ಯಾರ್ಥಿಯ ಮುಖದಲ್ಲೂ ನಾನು ಕಾಣದಿದ್ದ ಭಯಭಕ್ತಿ ಆ ಮುಖದಲ್ಲಿತ್ತು.

ಹೋದ ತಿಂಗಳು ನೆಂಟರ ಗೃಹಪ್ರವೇಶಕ್ಕೆಂದು ನಾನೂ ಅತ್ತಿಗೆಯೂ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆವು. ಎರಡು ಚೀಲ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು, “ಅಮ್ಮ, ಇದು ಶಿಡ್ಲಘಟ್ಟದ ಬಸ್ಸಾ?” ಎಂದು ಅತ್ತಿಗೆಯನ್ನು ಕೇಳಿದಳು. ನಾನು ಬಾಯಿ ತೆರೆದೆ. ಅತ್ತಿಗೆ ಕೈಯೆತ್ತಿ ತಡೆದು, ಕನ್ನಡಕ ಮೇಲೇರಿಸಿ ಬೋರ್ಡಿನತ್ತ ನೋಡಿದರು. “ಗೌ... ರಿ...” ಬಸ್ಸು ಗುರುಗುಟ್ಟಿ ಹಿಂದಕ್ಕೆ ಸರಿಯಿತು. “ಬಿ... ದ...” ಹೆಂಗಸು ಚೀಲ ಎತ್ತಿಕೊಂಡು ಚಡಪಡಿಸಿದಳು. ನನ್ನ ಕಾಲ್ಬೆರಳುಗಳೂ ಚಪ್ಪಲಿಯೊಳಗೆ ಮಡಚಿಕೊಂಡವು. ಬಸ್ಸು ತಿರುವು ತೆಗೆದುಕೊಂಡು ಗೇಟಿನತ್ತ ಹೊರಟಿತು. ಅತ್ತಿಗೆ ಎದ್ದು ನಿಂತು, ಅದು ಮರೆಯಾಗುವುದರೊಳಗೆ ಉಳಿದೆರಡು ಅಕ್ಷರಗಳನ್ನೂ ಹಿಡಿದುಬಿಟ್ಟರು.

“ನೂ... ರು! ಅದು ಗೌರಿಬಿದನೂರಿಂದು ಕಣಮ್ಮ, ನಿಂದಲ್ಲ,” ಎಂದು ಕಲ್ಲುಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. “ಕೂತ್ಕೋ. ಮುಂದಿಂದು ಬರ್ಲಿ, ಓದಿ ಹೇಳ್ತೀನಿ.”