ನಾನು ಹೋಗದ ಹನ್ನೆರಡು ಮನೆಗಳು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಹದಿನೆಂಟು ವರ್ಷ ಒಂದೇ ಹೆಗಲಿಗೆ ಸಮೀಕ್ಷೆಯ ಫಾರ್ಮುಗಳ ಚೀಲ ಹಾಕಿಕೊಂಡು ಊರೂರು ತಿರುಗಿದ್ದರ ಗುರುತು ಅದು. ಚೀಲದ ಪಟ್ಟಿ ಉಜ್ಜಿ ಉಜ್ಜಿ ಅವರ ಎಲ್ಲ ಕುಪ್ಪಸಗಳೂ ಆ ಜಾಗದಲ್ಲಿ ಬಣ್ಣ ಕಳೆದುಕೊಂಡಿದ್ದವು. ಬರಿಗೈಯಲ್ಲಿ ನಡೆಯುವಾಗಲೂ ಆ ಕಡೆಗೇ ತುಸು ವಾಲುತ್ತಿದ್ದರು.

ಎಲ್ಲರಿಗೂ ಅವರು ಅಕ್ಕಾರು. ಹಿಂದೆ ಬಾಲವಾಡಿಯಲ್ಲಿ ಕಲಿಸುತ್ತಿದ್ದರಂತೆ; ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಬಾಲವಾಡಿ ಮುಚ್ಚಿತು, ಕರೆಯುವ ಹೆಸರು ಉಳಿಯಿತು. ಓದಿದ್ದು ಪಿಯುಸಿವರೆಗೆ. ನಾನು ಆಗ ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಎರಡು ಸಾವಿರದ ದಶಕದ ನಡುವಿನ ಒಂದು ಬೇಸಿಗೆ ಅದು. ಸಂಸ್ಥೆಯೊಂದು ರಜೆಯ ಎರಡು ತಿಂಗಳು ಸಂಬಳ ಕೊಟ್ಟು ಅಂಕಿಅಂಶದ ಕೆಲಸ ಕಲಿಸುತ್ತದೆ ಎಂದು ನಮ್ಮ ವಿಭಾಗದ ಫಲಕದಲ್ಲಿ ಚೀಟಿ ಅಂಟಿಸಿದ್ದರು. ಇಂಟರ್ನ್‌ಶಿಪ್ ಎಂಬ ಮಾತನ್ನು ನಾನು ಮೊದಲು ಓದಿದ್ದು ಆ ಚೀಟಿಯಲ್ಲೇ. ನಮ್ಮೂರು ಅಗಡಿ, ಕಚೇರಿ ಹಾವೇರಿಯ ಸ್ಟೇಶನ್ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಮನೆಯಿಂದಲೇ ಓಡಾಡಬಹುದಿತ್ತು. ನಾವು ಮೂವರು ವಿದ್ಯಾರ್ಥಿಗಳು ಆಯ್ಕೆಯಾದೆವು. ನಮ್ಮ ಮೇಲ್ವಿಚಾರಕಿ ಅಕ್ಕಾರು.

ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ಅಧ್ಯಯನ. ಚಳಿಗಾಲದಲ್ಲೇ ಅಕ್ಕಾರು ಓಣಿ ಓಣಿ ತಿರುಗಿ ಹೆಸರುಗಳ ಪಟ್ಟಿ ಮಾಡಿದ್ದರು. ಪಟ್ಟಿ ಹಿಡಿದು ಆ ಮನೆಗಳಿಗೆ ಹೋಗಿ ಕೇಳುವುದು, ಉತ್ತರಗಳನ್ನು ಅಂಕಿಗಳಾಗಿ ಫಾರ್ಮಿಗೆ ತುಂಬುವುದು, ಆಮೇಲೆ ಕಂಪ್ಯೂಟರಿಗೆ ಹಾಕಿ ಕೋಷ್ಟಕ ಮಾಡುವುದು ನಮ್ಮ ಕೆಲಸ. ಉತ್ತರ ‘ಗೊತ್ತಿಲ್ಲ’ ಎಂದಾದರೆ ತೊಂಬತ್ತೊಂಬತ್ತು ಎಂದು ಬರೆಯಬೇಕಿತ್ತು. ಮೊದಲ ದಿನ ನನ್ನ ಫಾರ್ಮುಗಳಲ್ಲಿ ವಯಸ್ಸಿನ ಜಾಗದಲ್ಲೆಲ್ಲ ತೊಂಬತ್ತೊಂಬತ್ತು ಕಂಡು ಅಕ್ಕಾರು ನಕ್ಕರು.

“ಏನವ್ವ, ಇಡೀ ಓಣಿಯಾಗ ಎಲ್ಲಾರೂ ಮುದುಕೇರ ಅದಾರಲ್ಲ!” ಆಮೇಲೆ ಗಂಭೀರವಾಗಿ ಹೇಳಿದರು: “ಅವರಿಗೆ ಗೊತ್ತಿಲ್ಲ ಅಂತಲ್ಲ, ನಿನಗ ಕೇಳಾಕ ಬರಲಿಲ್ಲ, ಅಷ್ಟ. ವಯಸ್ಸೆಷ್ಟು ಅನ್ನಬ್ಯಾಡ. ಹಿರೇ ಮಗಳಿಗೆ ಎಷ್ಟು ವರ್ಷ ಆತು, ಆಕಿ ಹುಟ್ಟಿದಾಗ ಮದುವಿ ಆಗಿ ಎಷ್ಟು ವರ್ಷ ಆಗಿತ್ತು, ಹಂಗ ಹಿಂದಕ್ಕ ಹೋಗು. ತಾನ ಸಿಗತೈತಿ.”

ಅವರು ಕೇಳುವುದನ್ನು ನೋಡಬೇಕಿತ್ತು. ಮೊದಲು ನೀರು ಕೇಳಿ ಕುಡಿಯುತ್ತಿದ್ದರು. ಎದುರಿಗಿದ್ದವಳ ಮೊರಕ್ಕೆ ತಾವೂ ಕೈಹಾಕಿ ನಾಲ್ಕು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಫಾರ್ಮು ಚೀಲದಿಂದ ಹೊರಬರುತ್ತಿದ್ದುದು ಎಷ್ಟೋ ಹೊತ್ತಿನ ಮೇಲೆ. ಘಾಟಿಗೆ ನಾವು ಸೀನುತ್ತ ಹೊರಗೋಡಿದರೂ ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲೇ ಕುಳಿತಿರುತ್ತಿದ್ದರು.

ಕಂಪ್ಯೂಟರ್ ಮುಟ್ಟಲು ಮಾತ್ರ ಅವರಿಗೆ ಅಂಜಿಕೆ. ನಾನು ಕೋಷ್ಟಕ ಮಾಡುವಾಗ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು ಪರದೆ ನೋಡುತ್ತಿದ್ದರು. ನನಗೆ ಅದರಿಂದ ಒಳಗೊಳಗೇ ಹೆಮ್ಮೆ. ಒಂದು ದಿನ ಮೊದಲ ಕಂತಿನ ಫಾರ್ಮುಗಳಿಂದ ವಿಚಿತ್ರ ಫಲಿತಾಂಶ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಕೆಮ್ಮು ಹೆಚ್ಚು, ಬಹಳ ವರ್ಷದಿಂದ ಮಾಡುತ್ತಿರುವವರಲ್ಲಿ ಕಡಿಮೆ. “ಅಕ್ಕಾರ, ಹಳಬರಿಗೆ ಘಾಟು ರೂಢಿ ಆಗೇತ್ರಿ” ಎಂದು ನಾನು ವಿವರಣೆ ಕೊಟ್ಟೆ.

ಅವರು ತಲೆಯಾಡಿಸಿದರು. “ರೂಢಿ ಆಗಿಲ್ಲವ್ವ. ಕೆಮ್ಮಾವ್ರು ಕೆಲಸ ಬಿಟ್ಟು ಮನಿ ಹಿಡದಾರ. ನಿನ್ನ ಫಾರ್ಮಿನಾಗ ಉಳದಾವ್ರು ಅಷ್ಟ ಅದಾರ. ಇಲ್ಲದಾವ್ರನ್ನ ಯಾರು ಎಣಿಸ್ಯಾರ?”

ಇದಕ್ಕೆ ಪಠ್ಯಪುಸ್ತಕದಲ್ಲಿ ದೊಡ್ಡ ಹೆಸರೊಂದಿದೆ. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಕಣ್ಣೆದುರಿಗೆ ಬಂದಾಗ ಗುರುತು ಹಿಡಿದವರು ಅಕ್ಕಾರು.

ಮೇ ತಿಂಗಳಲ್ಲಿ ನನ್ನ ಪಾಲಿಗೆ ಕೊನೆಯ ಒಂದು ಓಣಿ ಉಳಿದಿತ್ತು, ಹನ್ನೆರಡು ಮನೆ. ಅದೇ ದಿನ ರಾಣೇಬೆನ್ನೂರಿನಲ್ಲಿ ಸೋದರತ್ತೆಯ ಮಗಳ ನಿಶ್ಚಯ. ಮನೆಗಳನ್ನು ಮರುದಿನ ನೋಡಿಕೊಂಡರಾಯಿತು ಎಂದುಕೊಂಡು ಫಾರ್ಮುಗಳ ಸಮೇತ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ಅತ್ತೆಯ ಮನೆಯ ಪಡಸಾಲೆಯ ಕಂಬಕ್ಕೆ ಒರಗಿ, ಬೇಸರ ಕಳೆಯಲೆಂದು ಒಂದು ಫಾರ್ಮು ತೆಗೆದೆ. ಸರಾಸರಿ ವಯಸ್ಸೆಷ್ಟು, ಎಷ್ಟು ತಾಸು ಕೆಲಸ, ಹತ್ತರಲ್ಲಿ ಎಷ್ಟು ಮಂದಿಗೆ ಕೆಮ್ಮು, ಎಲ್ಲ ನನಗೆ ಬಾಯಿಪಾಠವಾಗಿತ್ತು. ನನ್ನದೇ ಕೋಷ್ಟಕಗಳಿಗೆ ಹೊಂದುವಂತೆ ಹನ್ನೆರಡನ್ನೂ ತುಂಬಿದೆ. ಒಂದಕ್ಕೊಂದು ತಾಳೆಯಾಗುವಂತೆ, ಆದರೆ ತೀರಾ ಒಂದೇ ಥರ ಕಾಣದಂತೆ. ಆ ಎರಡು ತಿಂಗಳಲ್ಲಿ ಕಲಿತ ವಿದ್ಯೆಯನ್ನು ಅಷ್ಟು ಚೆನ್ನಾಗಿ ನಾನು ಬಳಸಿದ್ದು ಅದೊಂದೇ ಸಲ. ನಾಚಿಕೆಯಾಗಲಿಲ್ಲ. ಖುಷಿಯಾಯಿತು. ತುಂಬಿದವರ ಸಹಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟೆ. ಮರೆತೆನೋ, ಕೈ ಹಿಂಜರಿಯಿತೋ, ಈಗಲೂ ಹೇಳಲಾರೆ.

ಅಕ್ಕಾರಿಗೆ ಆ ವಾರ ಜ್ವರ. ಯಾವಾಗಲೂ ತಾವೇ ಕೆಲವು ಮನೆಗಳಿಗೆ ತಿರುಗಿ ಹೋಗಿ ತಾಳೆ ನೋಡುತ್ತಿದ್ದವರು ಆ ಸಲ ಹೋಗಲಿಲ್ಲ. “ಎಲ್ಲಾರೂ ಸಿಕ್ಕರೇನು?” ಎಂದು ಕೇಳಿದರು. “ಸಿಕ್ಕರ್ರಿ” ಎಂದೆ. “ಚಲೋ ಆತು ತಂಗಿ” ಎಂದು ಹನ್ನೆರಡಕ್ಕೂ ಮೇಲ್ವಿಚಾರಕಿಯ ಸಹಿ ಹಾಕಿದರು.

ಹತ್ತು ದಿನದ ಮೇಲೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ಸಾಹೇಬರೊಬ್ಬರು ಪರಿಶೀಲನೆಗೆ ಬಂದರು. ಬೆಳಿಗ್ಗೆ ಕೆಲವು ಫಾರ್ಮುಗಳನ್ನು ಎತ್ತಿಕೊಂಡು ಬ್ಯಾಡಗಿಗೆ ಹೋದವರು ಮಧ್ಯಾಹ್ನ ತಿರುಗಿ ಬಂದು ನಮ್ಮೆಲ್ಲರನ್ನೂ ಕೂರಿಸಿ ಒಂದು ಫಾರ್ಮನ್ನು ಮೇಜಿನ ಮೇಲಿಟ್ಟರು.

“ಈ ಹೆಂಗಸು ಶಿವರಾತ್ರಿ ಹೊತ್ತಿಗೇ ತೀರಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಇವರನ್ನು ಮಾತಾಡಿಸಿದವರು ಯಾರು?”

ಆ ಫಾರ್ಮಿನಲ್ಲಿ ನಾನು ಬರೆದದ್ದು ನೆನಪಿತ್ತು. ವಯಸ್ಸು ನಲವತ್ತೆರಡು. ದಿನಕ್ಕೆ ಒಂಬತ್ತು ತಾಸು ಕೆಲಸ. ಕೆಮ್ಮು ಇಲ್ಲ. ಇದ್ದದ್ದೆಲ್ಲ ಅಂಕಿಗಳು, ಕೈಬರಹ ಗುರುತು ಸಿಗುವಂತಿರಲಿಲ್ಲ. ಕೆಳಗೆ ಅಕ್ಕಾರ ಸಹಿಯೊಂದೇ.

ಅಕ್ಕಾರು ಫಾರ್ಮನ್ನು ಎತ್ತಿ ನೋಡಿ ಕೆಳಗಿಟ್ಟರು. ಅದು ಯಾರ ಕೈಯಿಂದ ಬಂದದ್ದೆಂದು ಅವರಿಗೆ ಗೊತ್ತಿತ್ತು.

“ನಾ ತುಂಬಿದ್ದಲ್ಲರಿ ಸರ. ಆದ್ರ ತಿರುಗಿ ನೋಡದ ಸಹಿ ಮಾಡೇನಿ. ಅಷ್ಟು ತಪ್ಪು ನಂದು.”

“ಹಾಗಾದರೆ ತುಂಬಿದ್ದು ಯಾರು?”

“ಅದನ್ನ ತುಂಬಿದಾವ್ರ ಹೇಳಬೇಕ್ರಿ.”

ಅಕ್ಕಾರು ನನ್ನ ಕಡೆ ತಿರುಗಲಿಲ್ಲ. ತಿರುಗಿ ನೋಡಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಸಾಹೇಬರು ಸ್ವಲ್ಪ ಹೊತ್ತು ಕಾದು, ಉತ್ತರ ತಮಗೆ ಸಿಕ್ಕಿತೆಂಬಂತೆ ಫೈಲು ಮುಚ್ಚಿದರು. “ಮುಂದಿನ ಸುತ್ತಿಗೆ ನೀವು ಬರೋದು ಬೇಡ” ಎಂದು ಅಕ್ಕಾರಿಗೆ ಹೇಳಿ, ಆಮೇಲೆ ನಮ್ಮ ಮೂವರ ಕಡೆ ತಿರುಗಿದರು. “ನೀವು ಓದಿದ ಮಕ್ಕಳು. ಇಂಥದ್ದನ್ನೆಲ್ಲ ನೋಡಿ ಕಲಿಯಬೇಡಿ.”

ನಾನು ತಲೆಯಾಡಿಸಿದೆ. ಸುಮ್ಮನಿದ್ದುದಕ್ಕಿಂತ ಹೆಚ್ಚಾಗಿ ಆ ತಲೆಯಾಡಿಸಿದ್ದು ಈಗಲೂ ಚುಚ್ಚುತ್ತದೆ.

ಮೆಟ್ಟಿಲಿಳಿಯುವಾಗ “ಅಕ್ಕಾರ...” ಎಂದು ಹಿಂದೆ ಹೋದೆ. ಅವರು ನಿಲ್ಲಲಿಲ್ಲ. “ನಾಳೆ ಎಂಟೂವರಿ ಬಸ್ಸಿಗೆ ಬಾ. ಆ ಓಣಿ ಇನ್ನೂ ಉಳದೈತಿ” ಎಂದಷ್ಟೇ ಹೇಳಿದರು.

ಮರುದಿನ ಇಬ್ಬರೂ ಹನ್ನೆರಡು ಮನೆಗೂ ಹೋದೆವು. ಕೆಲಸ ಹೋದ ಮೇಲೆ, ಯಾರೂ ಹೇಳದೆಯೂ ಅವರು ಬಂದಿದ್ದರು. ಸತ್ತವಳ ಮನೆಯಲ್ಲಿ ಮಗಳಿದ್ದಳು, ಹದಿನೆಂಟರ ಆಸುಪಾಸು. ತಾಯಿಯ ಕೆಲಸಕ್ಕೆ ಈಗ ಅವಳೇ ಹೋಗುತ್ತಿದ್ದಳು. ಅಕ್ಕಾರು ಹೊಸ್ತಿಲ ಬಳಿ ಕುಳಿತು ನನಗೆ “ಕೇಳು” ಎಂದರು. ಅವ್ವ ಹೇಗಿದ್ದಳು ಎಂದು ಕೇಳಿದೆ.

“ಕಡೀ ಎರಡು ವರ್ಷ ಕುಂತ ನಿದ್ದಿ ಮಾಡ್ತಿದ್ಲರಿ. ಮಲಗಿದ್ರ ಕೆಮ್ಮು ಬಂದು ಉಸರು ಹಿಡೀತಿತ್ತು” ಎಂದಳು ಹುಡುಗಿ. “ಈ ಅಕ್ಕಾರು ಹೆಸರು ಬರಕೊಂಡು ಹೋದಾಗ ಭಾಳ ಖುಷಿ ಆಗಿದ್ಲು. ಕೇಳಾಕ ಮಂದಿ ಬರ್ತಾರಂತ, ಅವರ ಮುಂದ ಎಲ್ಲಾ ಹೇಳತೇನಿ ಅಂತಿದ್ಲು.”

“ಬರಕೊ” ಎಂದರು ಅಕ್ಕಾರು. ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಳೆಯ ಬೆನ್ನಿಗೆ ಬರೆದೆ. ಅವಳ ತಾಯಿಗೆ ಕೆಮ್ಮಿಲ್ಲವೆಂದು ಬರೆದವಳು ನಾನೇ ಎಂದು ಆ ಹುಡುಗಿಗೆ ಹೇಳಲಿಲ್ಲ.

ಹಾವೇರಿಗೆ ಮರಳುವ ಬಸ್ಸಿನಲ್ಲಿ ಅಕ್ಕಾರು ಅಂದರು, “ನಿನ್ನ ಹೆಸರು ನಾ ಹೇಳಂಗಿಲ್ಲ. ಹೇಳೂದು ನಿನ್ನ ಕೆಲಸ. ಯಾವಾಗರ ಮಾಡು.”

ಮಾಡಲಿಲ್ಲ. ಜೂನಿನಲ್ಲಿ ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಶ್ರದ್ಧೆಯನ್ನೂ ಪ್ರಾಮಾಣಿಕತೆಯನ್ನೂ ಹೊಗಳಿದ್ದರು. ಅದನ್ನು ತೋರಿಸಿಯೇ ಮೊದಲ ಕೆಲಸ ಸಿಕ್ಕಿತು, ಮುಂದೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ. ಅಕ್ಕಾರು ಸೀರೆಗೆ ಫಾಲು ಹಚ್ಚುತ್ತ ತಂಗಿಯ ಮನೆಯಲ್ಲಿದ್ದಾರೆಂದು ಯಾರೋ ಹೇಳಿದರು. ಒಮ್ಮೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಕಂಡರು. ನಾನು ಪೇಪರಿನ ಅಂಗಡಿಗೆ ಮುಖ ಮಾಡಿ ನಿಂತು, ಅವರ ಬಸ್ಸು ಹೊರಡುವವರೆಗೆ ಬೇಡದ ವಾರಪತ್ರಿಕೆಗಳನ್ನು ತಿರುವಿದೆ. ತರಗತಿಯಲ್ಲಿ ಮಾತ್ರ ಈ ಘಟನೆಯನ್ನು ಹೇಳುತ್ತಿದ್ದೆ. “ಒಬ್ಬ ವಿದ್ಯಾರ್ಥಿನಿ ಹೀಗೆ ಮಾಡಿದ್ದಳು” ಎಂದು.

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ತಂಗಿಯ ಮನೆ ಹುಡುಕಿಕೊಂಡು ಹೋದೆ. ನನ್ನ ಹೆಸರು ಹೇಳುತ್ತಲೇ ಆಕೆಯ ಮುಖ ಅರಳಿತು. “ನೀವ ಏನ್ರಿ ಅವರು? ಅಕ್ಕ ಭಾಳ ಹೇಳ್ತಿದ್ಲು. ಓದಿದ ಹುಡುಗಿ, ನನ್ನ ಕಡಿಂದ ಕೇಳೂದು ಕಲತಾಳ ಅಂತ.”

ನನಗೆ ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಫಾರ್ಮು, ಸಹಿ, ಸಾಹೇಬರು, ನನ್ನ ಮೌನ. ಆಕೆ ಚಹಾದ ಕಪ್ಪು ಹಿಡಿದುಕೊಂಡೇ ಕೇಳಿದರು. ಬೈಯಲಿಲ್ಲ. ಕಪ್ಪನ್ನು ನನ್ನ ಮುಂದಿಟ್ಟು, ಲೆಕ್ಕ ತಿಳಿಯದವರು ಕೇಳುವಂತೆ ಮೆಲ್ಲಗೆ ಕೇಳಿದರು.

“ಅದಾದ ಮ್ಯಾಲೆ ಅಕ್ಕ ಆರು ವರ್ಷ ಇದ್ಲಲ್ಲರಿ?”