ಶೇಡ್ ಮಾಸ್ಟರು ಸಾಫ್ಟ್‌ವೇರ್ ಆರಿಸಿದ್ದು

ಪೇಂಟ್ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಶೇಡ್ ಮಾಸ್ಟರು ಎಂದು. ಬಣ್ಣ ಬೆರೆಸುವ ಯಂತ್ರ ಬಂದು ಹತ್ತು ವರ್ಷವಾಗಿದ್ದರೂ ಗಿರಾಕಿಗಳು ಯಂತ್ರವನ್ನು ದಾಟಿಕೊಂಡು ಇವರ ಹತ್ತಿರವೇ ಬರುತ್ತಿದ್ದರು. ಗೋಡೆಯಿಂದ ಕೆರೆದು ತಂದ ಚಕ್ಕೆಯನ್ನು ಬಾಗಿಲ ಬೆಳಕಿಗೆ ಹಿಡಿದು, "ಇದು ಬಿಳಿ ಅಲ್ಲ ಸ್ವಾಮಿ, ಒಂದು ಹನಿ ಹಳದಿ ಇದೆ, ಅರ್ಧ ಹನಿ ಕಪ್ಪಿದೆ" ಎಂದುಬಿಡುವರು. ಹೇಳಿದ್ದು ಒಂದು ಸಲವೂ ತಪ್ಪಿಲ್ಲವಂತೆ. ಹಾಗಂತ ಹೇಳುತ್ತಿದ್ದವರೂ ಅವರೇ, ಅದಕ್ಕೆ ಅವರಿಗೆ ಸಂಕೋಚವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಬಿಳಿಯನ್ನೇ ಅರೆದು ಕುಡಿದ ಮನುಷ್ಯ. ಅಂಥವರಿಗೆ ಆ ಭಾನುವಾರ ಆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮನೆಯಲ್ಲಿದ್ದವರು ಇಬ್ಬರೇ, ಮಾಸ್ಟರು ಮತ್ತು ಅವರ ಅಕ್ಕ. ತಾಯಿ ತೀರಿಕೊಂಡಾಗ ಇವರಿಗೆ ಏಳು ವರ್ಷ, ಆಕೆಗೆ ಹದಿನೇಳು. ಹೊಲಿಗೆ ಯಂತ್ರ ತುಳಿದು ತುಳಿದು ತಮ್ಮನನ್ನು ಸಾಕಿದಳು. ಮದುವೆಯ ಮಾತು ಇಬ್ಬರಿಗೂ ಬಂತು, ಬಂದ ದಾರಿಯಲ್ಲೇ ಹೋಯಿತು. ಐವತ್ತಾರು ತುಂಬಿ ತಲೆ ಅರ್ಧ ಬೋಳಾಗಿದ್ದರೂ ಆಕೆಯ ಬಾಯಲ್ಲಿ ಇವರಿನ್ನೂ ಪುಟ್ಟ. ಇವರಿಗೋ, ಅಕ್ಕ ಇಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲೂ ಬರುತ್ತಿರಲಿಲ್ಲ.

ಮಾಸ್ಟರಿಗೆ ಇದ್ದದ್ದು ಒಂದೇ ಚಟ, ಕ್ಯಾಮೆರಾ. ಭಾನುವಾರ ಬಂತೆಂದರೆ ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ ಒಂದು ಫೋಟೋ ತೆಗೆಯಲೇಬೇಕು. ಕಂಪ್ಯೂಟರಿನಲ್ಲಿ ಅದರ ಬಣ್ಣ ಸರಿಮಾಡಿ ಆಕೆಯ ಫೋನಿಗೆ ಕಳಿಸಬೇಕು. ಈಚೆಗೆ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದರಲ್ಲಿ ಹಳೆಯ ಸಾಫ್ಟ್‌ವೇರ್ ನಡೆಯಲೊಲ್ಲದು. ಸರಿ, ಹೊಸದನ್ನು ಆರಿಸುವ ತಲೆನೋವು ಶುರುವಾಯಿತು.

ಮಗಳಿಗೆ ಗಂಡು ನೋಡುವವರೂ ಅಷ್ಟು ವಿಚಾರಿಸಲಿಕ್ಕಿಲ್ಲ. ಅವರ ಫೋಟೋ ಬಳಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು, ಹಕ್ಕಿಗಳ ಹಿಂದೆ ಬಿದ್ದು ಹಕ್ಕಿ ಮೇಷ್ಟ್ರು ಎಂದೇ ಹೆಸರಾದವರು. ಅವರು ಮೂರು ಸಾಫ್ಟ್‌ವೇರುಗಳನ್ನು ಬರೆದುಕೊಟ್ಟರು. ಮೊದಲನೆಯದು ತಿಂಗಳು ತಿಂಗಳು ಬಾಡಿಗೆ ಕೇಳುವಂಥದ್ದು. ಇನ್ನೊಂದು ಯಾವತ್ತಿಗೂ ಪುಕ್ಕಟೆ, ಆದರೆ ಬೇಕಾದ ಗುಂಡಿ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂರನೆಯದು ಮುಖ ಕಂಡರೆ ಸಾಕು, ಯಾರನ್ನೂ ಕೇಳದೆ ತಾನೇ ಎಲ್ಲ ತಿದ್ದಿಬಿಡುತ್ತದೆ.

"ಮೂರಕ್ಕೂ ಒಂದೇ ಫೋಟೋ ಹಾಕಿ ನೋಡಿ ಮಾಸ್ಟ್ರೇ," ಎಂದರು ಹಕ್ಕಿ ಮೇಷ್ಟ್ರು. "ಮೊದಲ ಎರಡರಲ್ಲಿ, ಫೋಟೋದಲ್ಲಿ ಯಾವುದು ಬಿಳಿ ಅಂತ ಗೊತ್ತೋ ಅಲ್ಲಿ ಒಂದು ಸಲ ಒತ್ತಬೇಕು. ಅದನ್ನೇ ಬಿಳಿ ಅಂತ ಹಿಡ್ಕೊಂಡು ಮಿಕ್ಕ ಬಣ್ಣ ಎಲ್ಲಾ ಸರಿ ಮಾಡುತ್ತೆ."

"ಬಿಳಿ ಯಾವುದು ಅಂತ ನನಗೇ ಪಾಠನಾ?" ಎಂದು ಮಾಸ್ಟರು ನಕ್ಕರು.

ಆ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಪರೀಕ್ಷೆಗೆ ಕೂತರು. ಆಗ ತಾನೇ ತೆಗೆದ ಅಕ್ಕನ ಫೋಟೋ. ಕಂದು ಸ್ವೆಟರು, ಬೂದು ಗೋಡೆ, ಮರದ ಕುರ್ಚಿ. ಕೂದಲಿಗೆ ಆಕೆ ಬಣ್ಣ ಹಚ್ಚುತ್ತಿದ್ದಳು. ಬಿಳಿ ಎನ್ನುವಂಥದ್ದು ಇದ್ದದ್ದು ಒಂದೇ ಕಡೆ, ಕಣ್ಣಿನಲ್ಲಿ. ಮಾಸ್ಟರು ಕಣ್ಣಿನ ಬಿಳಿಯನ್ನು ದೊಡ್ಡದು ಮಾಡಿಕೊಂಡು ಅಲ್ಲಿ ಒತ್ತಿದರು. ಇಡೀ ಚಿತ್ರ ಶಾಯಿಯಲ್ಲಿ ಅದ್ದಿ ತೆಗೆದಂತೆ ನೀಲಿಯಾಗಿ ನಿಂತಿತು.

ಕೈ ತಪ್ಪಿತೇನೋ ಎಂದು ಇನ್ನೊಂದು ಕಣ್ಣಿನಲ್ಲಿ ಒತ್ತಿದರು. ಮತ್ತೆ ನೀಲಿ. ಎರಡನೆಯ ಸಾಫ್ಟ್‌ವೇರಿನಲ್ಲೂ ಅದೇ ಹಾಡು. "ಎರಡೂ ಕುರುಡು ಮುಂಡೇವು," ಎಂದು ಬೈದು ಮುಚ್ಚಿದರು. ಮೂರನೆಯದಕ್ಕೆ ಫೋಟೋ ಕೊಟ್ಟು ಕೈಕಟ್ಟಿ ಕೂತರು. ಒಂದು ಕ್ಷಣ ತಡೆದು ಅದು ಅಕ್ಕನ ಮುಖವನ್ನು ತಾನೇ ಹುಡುಕಿ, ಕೆನ್ನೆಗೆ ರಂಗು ತಂದು, ಕಣ್ಣು ಬೆಳ್ಳಗೆ ಮಾಡಿ ತೋರಿಸಿತು. ಇದಪ್ಪಾ ಕೆಲಸ ಎಂದರೆ ಎಂದುಕೊಂಡ ಮಾಸ್ಟರು ಅದನ್ನೇ ಕೊಳ್ಳುವುದೆಂದು ತೀರ್ಮಾನಿಸಿ, "ಅಕ್ಕಾ, ಬಾ ಇಲ್ಲಿ, ನಿನ್ನ ಚೆಂದ ನೋಡು" ಎಂದು ಕೂಗಿದರು.

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಕಿಟಕಿಯ ಬೆಳಕಿನಲ್ಲಿ ಪರದೆಯ ಹತ್ತಿರಕ್ಕೆ ಬಗ್ಗಿದಳು. ಬಣ್ಣವನ್ನು ಒಂಟಿಯಾಗಿ ನೋಡಿ ಮೋಸಹೋಗಬೇಡಿ, ಇನ್ನೊಂದರ ಪಕ್ಕ ಇಟ್ಟು ನೋಡಿ ಎಂದು ಗಿರಾಕಿಗಳಿಗೆ ದಿನಾ ಹೇಳುವವರು ಮಾಸ್ಟರು. ಈಗ ಯಾರೂ ಇಡದೆಯೇ ಎರಡೂ ಪಕ್ಕಪಕ್ಕ ಬಂದಿದ್ದವು. ಪರದೆಯ ಮೇಲೆ ಬಿಳಿ ಕಣ್ಣು. ಅದರ ಪಕ್ಕ ಅಕ್ಕನ ಕಣ್ಣು, ಅರಿಸಿನದ ನೀರಿನ ಹಾಗೆ ಹಳದಿ.

ಮಾಸ್ಟರು ಎದ್ದು ನಿಂತು, ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಬಾಗಿಲ ಹತ್ತಿರ ಎಳೆದುಕೊಂಡು ಹೋಗಿ ಅಲ್ಲೊಮ್ಮೆ ನೋಡಿದರು. ಎಲ್ಲಿ ನೋಡಿದರೂ ಹಳದಿಯೇ. ಕಣ್ಣು ಮಾತ್ರವಲ್ಲ, ಕುತ್ತಿಗೆ, ಕಿವಿಯ ಹಿಂದೆ, ಅಂಗೈ. ಆ ಎರಡು ಸಾಫ್ಟ್‌ವೇರುಗಳು ಕುರುಡಾಗಿರಲಿಲ್ಲ. ಹಳದಿಯನ್ನು ತೋರಿಸಿ ಬಿಳಿ ಎಂದು ಸುಳ್ಳು ಹೇಳಿದವರು ತಾವು, ಅವು ನಂಬಿ, ಆ ಹಳದಿಯನ್ನು ಕಳೆಯಲು ಲೋಕವನ್ನೆಲ್ಲ ನೀಲಿ ಮಾಡಿದ್ದವು.

"ಏನೋ ಪುಟ್ಟ ಅದು, ಕುರಿ ಕೊಳ್ಳೋಕೆ ಬಂದವನ ಹಾಗೆ ನೋಡ್ತೀಯಲ್ಲ?" ಎಂದಳು ಅಕ್ಕ. ಮಾಸ್ಟರು "ಚಪ್ಪಲಿ ಹಾಕ್ಕೋ," ಎಂದಷ್ಟೇ ಹೇಳಿದರು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ನೋವಿಲ್ಲ. ಹಸಿವು ಕಡಿಮೆ, ಮೈ ತುರಿಕೆ, ಸುಸ್ತು.

"ಕಣ್ಣು ಯಾವಾಗಿಂದ ಹೀಗಿದೆ?"

"ಇವತ್ತೇ ನೋಡಿದ್ದು," ಎಂದರು ಮಾಸ್ಟರು.

"ಹಿಂದಿನ ಫೋಟೋ ಏನಾದ್ರೂ ಇದ್ಯಾ?"

ಅಕ್ಕನ ಮುಖ ಅರಳಿತು. "ಅಯ್ಯೋ, ವಾರ ವಾರ ತೆಗೀತಾನೆ ನಮ್ಮ ಪುಟ್ಟ," ಎಂದು ಫೋನು ಚಾಚಿದಳು. ಡಾಕ್ಟರಮ್ಮ ಒಂದೊಂದೇ ಫೋಟೋ ಸರಿಸಿದರು. ಮೂರು ವಾರದ ಹಿಂದಿನದು, ತಿಂಗಳ ಹಿಂದಿನದು, ಎರಡು ತಿಂಗಳ ಹಿಂದಿನದು. ಎಲ್ಲದರಲ್ಲೂ ಕಣ್ಣು ಬೆಳ್ಳಗಿತ್ತು. "ಸರಿ, ಇದ್ದಕ್ಕಿದ್ದ ಹಾಗೆ ಬಂದಿದೆ ಅಂತಾಯ್ತು," ಎಂದು ಬರೆಯಲು ಶುರುಮಾಡಿದರು.

ಆ ಫೋಟೋಗಳು ಮಾಸ್ಟರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

"ಬರೀಬೇಡಿ ಡಾಕ್ಟ್ರೇ. ಅವು ನಾನು ತಿದ್ದಿದ ಫೋಟೋ."

"ತಿದ್ದಿದ್ದು ಅಂದ್ರೆ?"

"ಮುಖದ ಮೇಲೆ ಹಳದಿ ಬರ್ತಿತ್ತು. ಕಿಟಕಿಗೆ ಹೊಸ ಹಳದಿ ಕರ್ಟನ್ ಹಾಕಿದ್ವಿ, ಅದರ ಬಣ್ಣ ಬೀಳ್ತಿದೆ ಅಂದ್ಕೊಂಡೆ. ಮುಖದಿಂದ, ಕಣ್ಣಿಂದ ಹಳದಿ ತೆಗೆದು ಕಳಿಸ್ತಿದ್ದೆ."

"ಎಷ್ಟು ದಿನದಿಂದ?"

"ಮೂರು ತಿಂಗಳು ಆಗಿರಬೇಕು. ವಾರದಿಂದ ವಾರಕ್ಕೆ ಇನ್ನಷ್ಟು ತೆಗೀಬೇಕಾಗ್ತಿತ್ತು."

ಡಾಕ್ಟರಮ್ಮ ಬರೆದದ್ದನ್ನು ಗೀಚಿಹಾಕಿದರು. ನೋವಿಲ್ಲದೆ ಹೀಗೆ ನಿಧಾನವಾಗಿ ಏರುತ್ತ ಬಂದಿದ್ದರೆ ಪಿತ್ತದ ನಾಳಕ್ಕೆ ಏನೋ ಅಡ್ಡ ಬೆಳೆದಿರುವ ಸಾಧ್ಯತೆ ಇದೆ, ಇವತ್ತೇ ದಾಖಲಾಗಬೇಕು, ಸ್ಕ್ಯಾನ್ ಆಗುವ ತನಕ ಏನನ್ನೂ ಹೇಳಲಾಗದು ಎಂದರು. ಮೂರು ತಿಂಗಳು ಮೊದಲೇ ಬಂದಿದ್ದರೆ ಎನ್ನುವ ಮಾತನ್ನು ಅವರು ಆಡಲಿಲ್ಲ, ಆದರೆ ಮಾಸ್ಟರ ಕಿವಿಗೆ ಕೇಳಿಸಿದ್ದು ಅದೊಂದೇ.

ಹೊರಗಿನ ಬೆಂಚಿನ ಮೇಲೆ ಅಕ್ಕತಮ್ಮಂದಿರು ಹಾಸಿಗೆ ಖಾಲಿಯಾಗಲೆಂದು ಕಾಯುತ್ತ ಕೂತರು. ಕಡೆಗೆ ಮಾಸ್ಟರು ತಡೆಯಲಾರದೆ ಕೇಳಿದರು.

"ನಿನಗಾದ್ರೂ ಗೊತ್ತಾಗ್ಲಿಲ್ವಾ ಅಕ್ಕ? ದಿನಾ ಕನ್ನಡಿ ನೋಡ್ತೀಯಲ್ಲ."

ಅಕ್ಕ ತಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ನೋಡ್ತಿದ್ದೆ. ಕಣ್ಣು ಹಳದಿ ಅಂತ ಅನುಮಾನ ಬರ್ತಿತ್ತು. ಆಗೆಲ್ಲ ನೀನು ಕಳಿಸಿದ ಫೋಟೋ ತೆಗೆದು ನೋಡ್ತಿದ್ದೆ, ಅದರಲ್ಲಿ ಬೆಳ್ಳಗೇ ಇರ್ತಿತ್ತು. ನನ್ನ ಕಣ್ಣಿಗೇನು ಗೊತ್ತಾಗುತ್ತೆ, ಪುಟ್ಟನ ಕಣ್ಣಿಗೆ ಬಿಳಿ ಅಂತ ಕಂಡಿದ್ರೆ ಬಿಳೀನೇ ಇರಬೇಕು ಅಂತ ಸುಮ್ಮನಾಗ್ತಿದ್ದೆ."