ಬಿಸಿಲೇರಿದರೆ ಒಡೆಯುವ ಮಾತು

ನೆಗಡಿಗೆಂದು ನಿನ್ನೆ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡೆ. ಆ ವಾಸನೆಗೆ ತಾಳಮಲೆಯ ಅಂಗಡಿಯವ್ವ ನೆನಪಾಗಿ, ಮೂಗಿನ ಜೊತೆ ಕಣ್ಣೂ ಸೋರಿತು.

ನಾನು ಅಲ್ಲಿನ ಶಾಲೆಗೆ ಟೀಚರಾಗಿ ಹೋದ ಕಾಲದಲ್ಲಿ ಊರಿಗೆಲ್ಲ ಇದ್ದದ್ದು ಒಂದೇ ಫೋನು, ಅವಳ ಅಂಗಡಿಯಲ್ಲಿ. ಕಾಡಿನೊಳಗೆ ತಂತಿ ಎಳೆಯಲಾಗದೆ, ಅಂಗಡಿಯ ಮೇಲೆ ಡಿಶ್ ಕೂರಿಸಿ ಸ್ಯಾಟಲೈಟ್ ಮೂಲಕ ಕೊಟ್ಟಿದ್ದರು. ಒಬ್ಬರು ಮಾತಾಡಿ ಇಟ್ಟರೆ ಸಾಕು, ರಿಸೀವರನ್ನು ನೀಲಗಿರಿ ಎಣ್ಣೆಯ ಬಟ್ಟೆಯಿಂದ ಒರೆಸುವಳು. ಅವಳ ಮನೆದೇವರಿಗೂ ಅಷ್ಟು ಉಪಚಾರ ಇರಲಿಲ್ಲ ಬಿಡಿ.

ಆ ಫೋನಿಗೊಂದು ಕಾಯಿಲೆ. ಬೆಳಗಿನ ತಂಪಿನಲ್ಲಿ ಮಾತು ಚೆನ್ನಾಗಿ ಕೇಳುತ್ತಿತ್ತು. ಬಿಸಿಲೇರಿದರೆ ಒಡೆದು ಚೂರಾಗುತ್ತಿತ್ತು. ನೆಲ ಕಾದು ಮೇಲಿನ ಗಾಳಿ ಕದಡಿದರೆ ಸಿಗ್ನಲ್ಲು ನಡುಗುತ್ತದೆ ಎಂದು ರಿಪೇರಿಗೆ ಬಂದವನು ಹೇಳಿ ಹೋಗಿದ್ದ. ಅವ್ವ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಊರಿನ ಎಷ್ಟೋ ಹುಡುಗಿಯರು ಬೆಟ್ಟದ ಕೆಳಗಿನ ನೂಲಿನ ಮಿಲ್ಲುಗಳಲ್ಲಿದ್ದರು. ಮಗಳ ದನಿ ಒಡೆಯಿತೆಂದು ಯಾವ ತಾಯಿ ಗಾಬರಿಯಾದರೂ ಇವಳ ಸಮಾಧಾನ ಸಿದ್ಧ.

"ಅಳು ಅಲ್ಲ ಕಣವ್ವ, ಗಾಳಿ. ಬಿಸ್ಲು ಏರುದ್ರ ಇಂಗೇಯಾ. ಒತ್ತಾರ ಮಾಡು, ಸರ್ಯಾಗಿ ಕೇಳ್ತದ."

ಎಷ್ಟು ಜನ ಆ ಮಾತು ನಂಬಿ ನಿರಾಳವಾಗಿ ಮನೆಗೆ ಹೋದರೋ...

ಒಂದು ಮಟಮಟ ಮಧ್ಯಾಹ್ನ ಅವಳ ಮಗಳದೇ ಫೋನು ಬಂತು. ಅವಳೂ ಮಿಲ್ಲಿನಲ್ಲಿದ್ದಳು. ನಾನು ಉಪ್ಪಿಗೆಂದು ಹೋಗಿ ನಿಂತಿದ್ದೆ.

"ಏನವ್ವ? ಒಂದೂ ಗೊತ್ತಾಯ್ತಾ ಇಲ್ಲ ಕಣವ್ವ. ಇದು ಗಾಳಿ. ಬುಡು, ಒತ್ತಾರ ಮಾಡು" ಎಂದು ಅವ್ವ ಇಟ್ಟುಬಿಟ್ಟಳು. ಎಂದಿನಂತೆ ರಿಸೀವರ್ ಒರೆಸಿದಳು. ನನಗೆ ಉಪ್ಪು ಕಟ್ಟಿಕೊಟ್ಟಳು.

ಮರುದಿನ ಬೆಳಗ್ಗೆ ಫೋನೇನೋ ಬಂತು. ಮಾತಾಡಿದವಳು ಮಿಲ್ಲಿನ ಹಾಸ್ಟೆಲು ನೋಡಿಕೊಳ್ಳುವ ಹೆಂಗಸು. ಜ್ವರ ತಲೆಗೇರಿ ಹುಡುಗಿ ಹೋಗಿಬಿಟ್ಟಳು ಎಂದಳಂತೆ. ಆ ತಂಪಿನಲ್ಲಿ ಒಂದು ಅಕ್ಷರವೂ ಒಡೆಯಲಿಲ್ಲವಂತೆ.

ಆಮೇಲೆ ಅವ್ವ ಯಾರಿಗೂ ಗಾಳಿಯ ಮಾತು ಹೇಳಲಿಲ್ಲ. ಒಮ್ಮೆ ಮಾತ್ರ ನನ್ನ ಕೈ ಹಿಡಿದು ಕೇಳಿದಳು.

"ನೀವು ಅಲ್ಲೇ ಇದ್ರಲ್ಲ ಟೀಚರಮ್ಮ. ಅದು ಗಾಳಿನೇ ಅಲ್ವಾ?"

ಅಂದು ನನಗೆ ಕೇಳಿಸಿದ್ದು ಅವ್ವನ ಮಾತು ಮಾತ್ರ, ಮಗಳದಲ್ಲ. ಆದರೂ ಹೌದು ಅಂದೆ. ಅವಳ ಕೈ ಸಡಿಲವಾಗಲಿಲ್ಲ...

ಅಂಗಡಿಯವ್ವ ಹೋಗಿ ಬಹಳ ಕಾಲವಾಯಿತು. ಆ ಡಿಶ್ಶೂ ಇಲ್ಲ. ಈಗ ಮೊಬೈಲಿನಲ್ಲಿ ನನ್ನ ಮಗಳ ದನಿ ಒಡೆದರೆ, "ಅಳ್ತಿದ್ದೀಯೇನವ್ವ?" ಎಂದು ಕೇಳುತ್ತೇನೆ. "ಸಿಗ್ನಲ್ಲಮ್ಮ, ಆಮೇಲೆ ಮಾಡ್ತೀನಿ" ಎನ್ನುತ್ತಾಳೆ. ನಾನು ಬಿಡುವುದಿಲ್ಲ. ಅವಳು ನಕ್ಕದ್ದು ಪೂರ್ತಿ ಕೇಳುವವರೆಗೂ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿರುತ್ತೇನೆ.